ಒಂದು ವಾರದ ತರಬೇತಿಯಿಂದ ಅಡಿಕೆ ಕೊಯ್ಯುವ ವೃತ್ತಿಗೆ ಇಳಿಯಬಹುದೇ?

ಬಿ.ಕಾಂ. ಮುಗಿಸಿದ್ದೀರಿ, ಶಿವಮೊಗ್ಗದಲ್ಲಿ ಕೆಲಸ ಹುಡುಕಿ ಬೇಸತ್ತಿದ್ದೀರಿ. ಅಡಿಕೆ ಕೊಯ್ಲಿಗೆ ಜನವೇ ಇಲ್ಲವೆಂದು ಎಲ್ಲರೂ ಹೇಳುತ್ತಿರುವುದರಿಂದ, ಮರ ಹತ್ತುವ ತರಬೇತಿ ಪಡೆದು ಅದರಲ್ಲೇ ಬದುಕಬಹುದೇ ಎಂದು ಕೇಳಿದ್ದೀರಿ.

ಬದುಕಬಹುದು. ಆದರೆ ಶಿಬಿರ ಮುಗಿದ ದಿನ ನಿಮಗೆ ಮರ ಹತ್ತಲು ಬಂದಿರುತ್ತದೆ, ಅಷ್ಟೇ. ನಮ್ಮ ಸಿದ್ದಾಪುರದ ಕಡೆ ಅಡಿಕೆ ಗೊನೆಗೆ ಕೊನೆ ಎಂದೂ, ಅದನ್ನು ಕೊಯ್ಯುವವನಿಗೆ ಕೊನೆಗೌಡ ಎಂದೂ ಹೇಳುತ್ತೇವೆ. ಆ ಹೆಸರು ಸಿಗಬೇಕಾದರೆ ಇನ್ನೂ ಎರಡು ಹಂಗಾಮು ತೋಟದಲ್ಲಿ ಸವೆಯಬೇಕು.

ಇದನ್ನು ಪೆಟ್ಟು ತಿಂದು ಹೇಳುತ್ತಿದ್ದೇನೆ. ಎರಡು ಎಕರೆ ತೋಟ ಇಟ್ಟುಕೊಂಡು, ಕೊನೆಗೌಡನ ಫೋನಿಗಾಗಿ ಕಾಯುವುದು ಸಾಕಾಗಿ, ನಲವತ್ತೆಂಟನೆಯ ವಯಸ್ಸಿನಲ್ಲಿ ನಾನೇ ಒಂದು ಶಿಬಿರಕ್ಕೆ ಹೋದೆ. ಕಾಲಿಗೆ ತಳೆ (ಪಾದಗಳಿಗೆ ಹಾಕುವ ಬಳೆಯಂಥ ಕುಣಿಕೆ) ಹಾಕಿ ಹತ್ತುವುದು, ಯಂತ್ರ ಬಳಸುವುದು, ನೆಲದಲ್ಲೇ ನಿಂತು ಕೊಯ್ಯುವ ಕಾರ್ಬನ್ ಫೈಬರ್ ದೋಟಿ (ಉದ್ದ ಕೋಲು) ಹಿಡಿಯುವುದು, ಎಲ್ಲ ಕಲಿಸಿದರು. ಮೂರನೆಯ ದಿನ ಮರದ ತುದಿ ಮುಟ್ಟಿ ಮೇಲಿಂದಲೇ ಮನೆಗೆ ಫೋನ್ ಮಾಡಿದೆ. ಕೆಳಗಿದ್ದ ಶಿಕ್ಷಕರು ಚೆನ್ನಾಗಿ ಬೈದರು. ಆ ವರ್ಷ ನಮ್ಮ ತೋಟದ ಮೊದಲ ಕೊಯ್ಲನ್ನು ನಾನೇ ಮಾಡಿದೆ. ಕೊನೆಗಳನ್ನು ಅಂಗಳಕ್ಕೆ ತಂದು ಹಾಕಿದಾಗ ಮೆಟ್ಟುಗತ್ತಿಯ ಮುಂದೆ ಕುಳಿತಿದ್ದ ಹೆಂಗಸರು ಒಂದೊಂದೇ ಕಾಯಿ ಸುಲಿದು ಪರಸ್ಪರ ಮುಖ ನೋಡಿಕೊಂಡರು. ಅರ್ಧಕ್ಕರ್ಧ ಎಳೆಯದು. ಬೇಯಿಸಿ ಒಣಗಿಸಿದ ಮೇಲೆ ಅದು ಮುರುಟಿ, ತೂಕವೂ ಇಲ್ಲ, ಬಣ್ಣವೂ ಇಲ್ಲ.

ಹೀಗೆ ಬೇಯಿಸಿ ಒಣಗಿಸುವ ಕೆಂಪಡಿಕೆಗೆ ಕಾಯಿ ಆರೇಳು ತಿಂಗಳಿನದಾಗಿರಬೇಕು, ಹಸಿರಾಗಿಯೇ ಇರಬೇಕು. ಹದ ಮೀರಿ ಹಣ್ಣಾದರೆ ಅದು ಗೋಟು ಎನ್ನಿಸಿಕೊಳ್ಳುತ್ತದೆ, ದರ ಬೇರೆ. ಐವತ್ತು ಅಡಿ ಮೇಲೆ, ಗಾಳಿಗೆ ತೂಗುವ ಮರದಲ್ಲಿ, ಯಾವ ಕೊನೆ ಇವತ್ತಿಗೆ ಮತ್ತು ಯಾವುದು ಇನ್ನೊಂದು ತಿಂಗಳಿಗೆ ಎಂದು ಕಣ್ಣಿನಲ್ಲೇ ತೀರ್ಮಾನಿಸಿ, ಕೊಯ್ದದ್ದನ್ನು ನೇಣಿನ (ಹಗ್ಗದ) ಮೇಲೆ ಕೆಳಗೆ ಜಾರಿಸಿ, ಪಕ್ಕದ ಮರವನ್ನು ಎಳೆದುಕೊಂಡು ಇಳಿಯದೆಯೇ ದಾಟುತ್ತಾನಲ್ಲ ಕೊನೆಗೌಡ, ಅವನ ವಿದ್ಯೆ ಅಲ್ಲಿದೆ. ಎಕರೆಗೆ ಸುಮಾರು ಐನೂರೈವತ್ತು ಮರ. ಪ್ರತಿ ಮರಕ್ಕೂ ಇಳಿದು ಹತ್ತುವವನಿಗೆ ದಿನದ ಲೆಕ್ಕ ಹುಟ್ಟುವುದಿಲ್ಲ. ಶಿಬಿರದಲ್ಲಿ ಇದನ್ನು ಕಲಿಸಲು ಸಮಯವೇ ಇರುವುದಿಲ್ಲ.

ಮದ್ದು ಹೊಡೆಯುವುದು ಇನ್ನೊಂದು ಕಸುಬು. ಮಳೆಗಾಲದಲ್ಲಿ ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಎಂಬುದನ್ನು ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನದಲ್ಲಿದ್ದಾಗ, ನೂರು ವರ್ಷಕ್ಕೂ ಹಿಂದೆ ತೋರಿಸಿಕೊಟ್ಟರು. ಇಂದಿಗೂ ನಾವು ನಂಬಿರುವುದು ಅದನ್ನೇ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಉಜ್ಜಿ ಹೊಳಪು ಮಾಡಿದ ಕತ್ತಿಯನ್ನು ಅದರಲ್ಲಿ ಅದ್ದಿ ತೆಗೆದಾಗ ತಾಮ್ರದ ಕೆಂಪು ಹಿಡಿದಿದ್ದರೆ ಸುಣ್ಣ ಸಾಲದು. ಮಳೆ ಹಿಡಿಯುವ ಮೊದಲು ಒಂದು ಸಲ, ನಲವತ್ತು ನಲವತ್ತೈದು ದಿನಕ್ಕೆ ಇನ್ನೊಂದು ಸಲ. ಎರಡನೆಯ ಸಲದ ಹೊತ್ತಿಗೆ ಮರದ ಮೈಯೆಲ್ಲ ಪಾಚಿ. ಆಷಾಢದಲ್ಲಿ ಎರಡು ದಿನ ಮಳೆ ಬಿಟ್ಟು ಹೊಳವಾದರೆ ಇಡೀ ಊರಿಗೆ ಅದೇ ಎರಡು ದಿನ ಬೇಕು. ಕೊರತೆ ಕಣ್ಣಿಗೆ ಹೊಡೆಯುವುದು ಆಗಲೇ.

ಹುಡುಗರಿಗೆ ದುಡಿಯುವ ಮನಸ್ಸಿಲ್ಲ ಎಂದು ನಮ್ಮ ಕಡೆಯ ಬೆಳೆಗಾರರು ಹೇಳುವುದನ್ನು ನಂಬಬೇಡಿ. ನಮ್ಮ ತೋಟಕ್ಕೆ ಬರುತ್ತಿದ್ದ ಕೊನೆಗೌಡರು ಮಗನನ್ನು ಬೆಂಗಳೂರಿನಲ್ಲಿ ಚಾಲಕನಾಗಿಸಿದರು. ಇಲ್ಲಿ ಸಿಗುವ ಕೂಲಿ ಅಲ್ಲಿಗಿಂತ ಹೆಚ್ಚೇ. ಆದರೆ ಅವರ ತಮ್ಮ ಬೇರೊಬ್ಬರ ತೋಟದಲ್ಲಿ ಬಿದ್ದು ಸೊಂಟ ಮುರಿದುಕೊಂಡಾಗ ತೋಟದವರು ಆಸ್ಪತ್ರೆಗೆ ಬಂದು ಹಣ್ಣು ಕೊಟ್ಟು ಹೋದರು. ಮಗ ಅದನ್ನು ನೋಡಿದ್ದಾನೆ. ತೆಂಗು ಅಭಿವೃದ್ಧಿ ಮಂಡಳಿ 2011ರಿಂದ ತೆಂಗಿನ ಮರ ಹತ್ತುವವರಿಗೆ ಆರು ದಿನ ತರಬೇತಿ ಕೊಡುತ್ತಿದೆ, ಯಂತ್ರ ಕೊಡುತ್ತದೆ, ಅವರಿಗೆಂದೇ ಅಪಘಾತ ವಿಮೆಯನ್ನೂ ಮಾಡಿಸಿದೆ. ನನ್ನ ಮಟ್ಟಿಗೆ ಆ ಮೂರರಲ್ಲಿ ದೊಡ್ಡದು ವಿಮೆ.

ದೋಟಿಯನ್ನು ಮಾತ್ರ ನೆಚ್ಚಿಕೊಳ್ಳಬಹುದೇ ಎಂದರೆ, ಎಳೆಯ ತೋಟಗಳಲ್ಲಿ ಧಾರಾಳವಾಗಿ. ಹಳೆಯ ಎತ್ತರದ ಮರಗಳಲ್ಲಿ ಸಂಜೆಯ ಹೊತ್ತಿಗೆ ಕುತ್ತಿಗೆ ನಿಮ್ಮದಾಗಿ ಉಳಿಯುವುದಿಲ್ಲ, ಕೊನೆಯ ಹದವೂ ಕೆಳಗಿನಿಂದ ಸರಿಯಾಗಿ ಕಾಣುವುದಿಲ್ಲ.

ನೀವು ಹೊರಡುವುದೇ ಆದರೆ ಜೂನ್‌ನಲ್ಲಿ ಮದ್ದಿಗೆ ಬರಬೇಡಿ, ಜಾರುವ ಮರ ಹೊಸಬರಿಗಲ್ಲ. ದೀಪಾವಳಿಯ ನಂತರ ಕೊಯ್ಲಿಗೆ ಬನ್ನಿ. ಮೊದಲ ಹದಿನೈದು ದಿನ ಹಳಬರೊಬ್ಬರ ಕೆಳಗೆ ನೇಣು ಹಿಡಿಯಿರಿ, ಮೇಲಿಂದ ಬಂದ ಪ್ರತಿ ಕೊನೆಯಲ್ಲೂ ಒಂದು ಕಾಯಿ ಸೀಳಿ ನೋಡಿ. ವಿಮೆಯ ಕಾಗದ ಕಣ್ಣಿಗೆ ಬೀಳುವವರೆಗೆ ಯಾರ ತೋಟದಲ್ಲೂ ತಳೆ ಹಾಕಬೇಡಿ, ನನ್ನ ತೋಟವಾದರೂ ಸರಿ. ಮತ್ತೆ, ಉದ್ದ ತೋಳಿನ ದಪ್ಪ ಅಂಗಿ ತನ್ನಿ. ಮೊದಲ ವಾರ ಎದೆ, ಮೊಣಕೈ ಎರಡೂ ಸುಲಿದುಹೋಗುತ್ತವೆ.