ಹಳೆ ಅಣೆಕಟ್ಟೆಗೆ ಸಾಲ ಯಾಕೆ? – ಸಂಪಾದಕರ ಉತ್ತರ

ಓದುಗರ ಪತ್ರ: ನನ್ನೂರು ಸಿಂಧನೂರು ತಾಲ್ಲೂಕು. ಈಗ ಇರುವುದು ರಾಜಾಜಿನಗರದಲ್ಲಿ. ಊರಲ್ಲಿ ಅಣ್ಣ ಭತ್ತ ಬೆಳೆಯುತ್ತಾನೆ. ತುಂಗಭದ್ರಾ ಗೇಟ್ ಕೆಲಸ ಅಂತ ಎರಡನೇ ಬೆಳೆಗೆ ನೀರು ಬಿಡಲಿಲ್ಲ, ಮನೆಯಲ್ಲಿ ತುಂಬಾ ಕಷ್ಟವಾಯಿತು. ನೀವು ನೋಡಿದರೆ ಹಳೆ ಅಣೆಕಟ್ಟೆಗಳ ರಿಪೇರಿಗೆ ವಿಶ್ವಬ್ಯಾಂಕ್ ಸಾಲ ತಂದರೂ ಸರಿ ಎಂದು ಬರೆದಿದ್ದೀರಿ. ಅಷ್ಟು ದುಡ್ಡಿದ್ದರೆ ಹೊಸದನ್ನೇ ಕಟ್ಟಬಹುದಲ್ವಾ? ಆ ಸಾಲ ತೀರಿಸುವವರು ಯಾರು?

ಉತ್ತರ: ಸರ್, ನಿಮ್ಮ ಪತ್ರ ಎರಡು ಸಲ ಓದಿದೆ. ಒಂದು ಬೆಳೆ ಹೋಯಿತು ಎಂದರೆ ಆ ಮನೆಯಲ್ಲಿ ಏನೇನು ನಿಂತುಹೋಗುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಸಾಲದ ಬಗ್ಗೆ ಆಮೇಲೆ ಹೇಳುತ್ತೇನೆ, ಮೊದಲು ಆ ಬೆಳೆ ಯಾಕೆ ಹೋಯಿತು ನೋಡೋಣ.

2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯಲ್ಲಿ ಚೈನ್ ಕಡಿದು 19ನೇ ಗೇಟ್ ಕೊಚ್ಚಿಹೋಯಿತು. ಜಲಾಶಯ ತುಂಬಿ ನಿಂತಿತ್ತು. ಒಂದೇ ಕಡೆ ಒತ್ತಡ ಬೀಳಬಾರದು ಎಂದು ಉಳಿದ ಗೇಟುಗಳನ್ನೂ ಎತ್ತಿ, ಕೂಡಿಟ್ಟ ನೀರನ್ನು ಹೊಳೆಗೆ ಬಿಡಬೇಕಾಯಿತು. ಇಂಥ ಹೊತ್ತಿಗೆಂದೇ ಸ್ಟಾಪ್‌ಲಾಗ್ ಎಂಬ ವ್ಯವಸ್ಥೆ ಇರುತ್ತದೆ. ಗೇಟಿನ ಮುಂದೆ, ನೀರಿನ ಕಡೆ, ಒಂದರ ಮೇಲೊಂದು ಇಳಿಸುವ ಉಕ್ಕಿನ ಅಡ್ಡ ಹಲಗೆಗಳು. ಅವು ಕೈಯಲ್ಲಿದ್ದರೆ ಜಲಾಶಯ ತುಂಬಿದ್ದಾಗಲೂ ಒಂದು ಗೇಟ್ ಮುಚ್ಚಿ ರಿಪೇರಿ ಮಾಡಬಹುದು. ಅಲ್ಲಿ ಅವು ಇರಲಿಲ್ಲ. ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ತಂಡ ಹೊಸದಾಗಿ ಮಾಡಿಸಿ, ಹರಿಯುವ ನೀರಿನಲ್ಲೇ ಒಂದು ವಾರದೊಳಗೆ ಇಳಿಸಿತು. ಅದು ಸಾಮಾನ್ಯ ಕೆಲಸವಲ್ಲ, ಆ ವಯಸ್ಸಿನಲ್ಲಿ ಅವರು ಗೇಟಿನ ಮೇಲೆ ನಿಂತಿದ್ದು ನೋಡಿ ನನಗೆ ಕಣ್ಣು ತುಂಬಿತ್ತು. ಆದರೆ ಅಲ್ಲಿಗೇ ಮುಗಿಯಲಿಲ್ಲ. 33 ಗೇಟುಗಳೂ ಹಳೆಯವೇ ಆಗಿದ್ದವು. ಅದಕ್ಕೇ 2025ರ ಮಳೆಗಾಲದಲ್ಲಿ 80 ಟಿಎಂಸಿಗಿಂತ ಜಾಸ್ತಿ ನಿಲ್ಲಿಸುವುದು ಬೇಡ ಎಂದರು, ಗೇಟ್ ಬದಲಿಸಲು ಎರಡನೇ ಬೆಳೆಗೆ ನೀರನ್ನೂ ನಿಲ್ಲಿಸಿದರು. ನಿಮ್ಮ ಅಣ್ಣನ ಬೆಳೆ ಹೋಗಿದ್ದು ಹೀಗೆ. ರಿಪೇರಿ ಮಾಡಿದ್ದರಿಂದ ಹೋಯಿತು ಎಂದು ನಿಮಗೆ ಅನ್ನಿಸಬಹುದು, ನನ್ನ ಪ್ರಕಾರ ರಿಪೇರಿ ತಡವಾಗಿದ್ದರಿಂದ ಹೋಯಿತು.

ಇನ್ನು ಹೊಸದನ್ನೇ ಕಟ್ಟುವ ಮಾತು. ಎಲ್ಲಿ ಕಟ್ಟೋಣ? ಹೊಳೆ ಅದೇ, ನೀರೂ ಅದೇ. ಹೊಸದಾಗಿ ಊರು ಮುಳುಗಬೇಕು, ಭೂಮಿ ಕೊಟ್ಟವರು ಪರಿಹಾರಕ್ಕೆ ಅಲೆಯಬೇಕು, ಮೂರು ರಾಜ್ಯಗಳು ಒಪ್ಪಬೇಕು. ತುಂಗಭದ್ರೆಯಲ್ಲಿ ಮೊದಲು 133 ಟಿಎಂಸಿ ಹಿಡಿಯುತ್ತಿತ್ತು, ಹೂಳು ತುಂಬಿ ಈಗ ಸುಮಾರು 105ಕ್ಕೆ ಇಳಿದಿದೆ, ನಿಜ. ಆದರೂ ಕರ್ನಾಟಕದಲ್ಲೇ ಸುಮಾರು 9 ಲಕ್ಷ ಎಕರೆಗೆ ನೀರು ಕೊಡುವ ಕಟ್ಟೆ ಅದು. ಇಲ್ಲೇ ಹಿರಿಯೂರಿನ ವಾಣಿವಿಲಾಸ ಸಾಗರ ನೋಡಿ, 1907ರದ್ದು. 1933ರ ನಂತರ 2022ರಲ್ಲಿ ಕೋಡಿ ಬಿತ್ತು, ಕಟ್ಟೆ ಗಟ್ಟಿಯಾಗಿ ನಿಂತಿತು. ವಯಸ್ಸಾಯಿತು ಎಂದು ಕಟ್ಟೆಯನ್ನು ಕೈಬಿಡಬೇಕಾಗಿಲ್ಲ, ನೋಡಿಕೊಂಡರೆ ಇರುತ್ತದೆ.

ನೋಡಿಕೊಳ್ಳುವುದು ಅಂದರೆ ಏನು ಎಂದು ನಾನು ಕಂಡಿದ್ದನ್ನು ಹೇಳುತ್ತೇನೆ. ಬೆಂಗಳೂರಿನಿಂದ ಎರಡು ಗಂಟೆ ದಾರಿಯ ಒಂದು ಹಳೆ ನೀರಾವರಿ ಜಲಾಶಯ, ಹೆಸರು ಬೇಡ. ಕಟ್ಟೆಯೊಳಗಿನ ಗ್ಯಾಲರಿಗೆ, ಅಂದರೆ ಸುರಂಗದಂಥ ಓಣಿಗೆ, ಇಳಿದೆವು. ಗೋಡೆಯ ಮೇಲೆಲ್ಲ ಬಿಳಿ ಗೆರೆಗಳು, ಮುಟ್ಟಿದರೆ ಬೆರಳಿಗೆ ಪುಡಿ. ಸುರ್ಕಿ ಗಾರೆಯ (ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಹಳೆ ಗಾರೆ) ಸುಣ್ಣ ನೀರಿನ ಜೊತೆ ಕರಗಿ ಬಂದು ಅಲ್ಲಿ ಕೂತಿದೆ. ಕೆಳಗೆ ಸಣ್ಣ ಕಾಲುವೆ, ಅದಕ್ಕೆ ಅಡ್ಡವಾಗಿ 'ವಿ' ಆಕಾರದಲ್ಲಿ ಕೊರೆದ ತಗಡು. ಅದರ ಮೇಲೆ ಎಷ್ಟು ನೀರು ಹರಿಯುತ್ತದೆ ಎಂದು ಅಳೆದರೆ ಕಟ್ಟೆ ಎಷ್ಟು ಸೋರುತ್ತಿದೆ ಎಂದು ಗೊತ್ತಾಗುತ್ತದೆ. ನೀರು ತಿಳಿಯಾಗಿದ್ದರೆ ಅಷ್ಟು ಭಯವಿಲ್ಲ, ಕದಡಿ ಬಂದರೆ ಒಳಗಿಂದ ಏನೋ ಕೊಚ್ಚಿಕೊಂಡು ಬರುತ್ತಿದೆ ಎಂದು ಅರ್ಥ. ಅಳತೆ ಬರೆಯುವ ಪುಸ್ತಕ ಕೇಳಿದೆ. ಕೊನೆಯ ಅಂಕಿ ಹನ್ನೊಂದು ತಿಂಗಳ ಹಿಂದಿನದು. ಅಲ್ಲಿನ ಸೌಡಿ, ಅಂದರೆ ನೀರು ಗೇಟು ನೋಡಿಕೊಳ್ಳುವ ನೌಕರ, ಪಾಪ, ಗೇಟಿನ ಉಕ್ಕಿನ ಹಗ್ಗಕ್ಕೆ ಹಾಕುವ ಗ್ರೀಸನ್ನು ಎರಡು ವರ್ಷದಿಂದ ಸ್ವಂತ ದುಡ್ಡಲ್ಲಿ ತರುತ್ತಿದ್ದ. ಡಬ್ಬಿ ತೋರಿಸಿದ, ತಳದಲ್ಲಿ ಒಂದು ಬೆರಳಷ್ಟು ಉಳಿದಿತ್ತು.

ಈಗ ಸಾಲದ ಲೆಕ್ಕ. ನಾನು ಬರೆದದ್ದು ಡ್ರಿಪ್ ಬಗ್ಗೆ, ಅಂದರೆ ಹಳೆ ಅಣೆಕಟ್ಟೆಗಳ ಪುನಶ್ಚೇತನ ಮತ್ತು ಸುಧಾರಣೆಯ ಯೋಜನೆ. ಅದರ ಎರಡು ಮತ್ತು ಮೂರನೇ ಹಂತಕ್ಕೆ ಕೇಂದ್ರ ಸಂಪುಟ 2020ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. 19 ರಾಜ್ಯಗಳ 736 ಅಣೆಕಟ್ಟೆ, ಒಟ್ಟು 10,211 ಕೋಟಿ ರೂಪಾಯಿ, ಅದರಲ್ಲಿ 7,000 ಕೋಟಿ ಹೊರಗಿನ ಸಾಲ. ನಮ್ಮಂಥ ರಾಜ್ಯಕ್ಕೆ ನೂರಕ್ಕೆ ಎಪ್ಪತ್ತು ಸಾಲ, ಮೂವತ್ತು ಕೈಯಿಂದ. ತೀರಿಸುವವರು ಯಾರು ಎಂದು ಕೇಳಿದ್ದೀರಿ. ರಾಜ್ಯ ಸರ್ಕಾರ, ಅಂದರೆ ಬೆಂಗಳೂರಲ್ಲಿ ತೆರಿಗೆ ಕಟ್ಟುವ ನಾವು ನೀವೂ ಸೇರಿ ಎಲ್ಲರೂ. ಡಾಲರ್ ಏರಿದರೆ ಆ ಭಾರವೂ ರಾಜ್ಯದ್ದೇ. ರೈತನ ನೀರು ಕಂದಾಯದಿಂದ ಇದು ತೀರುವುದಿಲ್ಲ, ತೀರಬೇಕು ಎಂದು ಕೇಳುವುದೂ ತಪ್ಪು. ಸಿಂಧನೂರು, ಗಂಗಾವತಿಯ ಸೋನಾ ಮಸೂರಿಯನ್ನೇ ನಾವಿಲ್ಲಿ ದಿನಾ ಉಣ್ಣುತ್ತೇವೆ. ಆ ಕಟ್ಟೆಯ ಖರ್ಚಿನಲ್ಲಿ ನಮ್ಮ ಪಾಲೂ ಇರಲೇಬೇಕು.

ಹಾಗಾದರೆ ಸಾಲ ಸರಿಯಾ? ಗೇಟ್ ಬದಲಿಸಲು, ಗ್ರೌಟಿಂಗ್ ಮಾಡಿ (ಬಿರುಕುಗಳಿಗೆ ಸಿಮೆಂಟ್ ತುಂಬಿ) ಸೋರಿಕೆ ನಿಲ್ಲಿಸಲು, ಸ್ಟಾಪ್‌ಲಾಗ್ ಮಾಡಿಸಲು ಸರಿ. ಇವು ಐವತ್ತು ವರ್ಷ ಬಾಳುವ ಕೆಲಸ, ಒಂದೇ ವರ್ಷದ ಬಜೆಟ್‌ನಲ್ಲಿ ಆಗುವುದಿಲ್ಲ. ಆದರೆ ಗ್ರೀಸಿಗೆ, ಪೇಂಟಿಗೆ, ರಬ್ಬರ್ ಸೀಲಿಗೆ, ಸೌಡಿಯ ಸಂಬಳಕ್ಕೆ ಸಾಲ ತರಬಾರದು. ಅದಕ್ಕೆ ಪ್ರತಿ ವರ್ಷ ಬೇರೆಯೇ ಹಣ ಇರಬೇಕು. ನನ್ನ ಜಗಳ ಇರುವುದು ಇಲ್ಲಿ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಇದನ್ನೇ ಹೇಳುತ್ತದೆ: ಅಣೆಕಟ್ಟೆ ಯಾರದ್ದೋ ಅವರು ನಿರ್ವಹಣೆಗೆಂದೇ ಸಾಕಷ್ಟು ಹಣ ತೆಗೆದಿಡಬೇಕು, ಮಳೆಗಾಲದ ಮುಂಚೆ ಮತ್ತು ನಂತರ ತಪಾಸಣೆ ಮಾಡಬೇಕು. ಆ ಹಣ ಬೇರೆ ತೆಗೆದಿಡದೆ ಸಾಲ ತಂದು ಹೊಸ ಗೇಟ್ ಹಾಕಿದರೆ, ಆ ಗೇಟಿಗೂ ಚೈನೇ ಇರುತ್ತದೆ, ಅದಕ್ಕೂ ತುಕ್ಕು ಹಿಡಿಯುತ್ತದೆ.

ನಿಮ್ಮ ಅಣ್ಣನಿಗೆ ಫೋನ್ ಮಾಡಿದಾಗ ಒಂದು ಮಾತು ಹೇಳಿ ಸರ್. ನೀರಾವರಿ ಸಲಹಾ ಸಮಿತಿ ಸೇರಿದಾಗ ಎಲ್ಲರೂ ಎಷ್ಟು ನೀರು, ಯಾವತ್ತು ಬಿಡುತ್ತೀರಿ ಎಂದಷ್ಟೇ ಕೇಳುತ್ತಾರೆ. ಈ ಸಲ ಶಾಸಕರ ಕೈಯಲ್ಲಿ ಇನ್ನೂ ಮೂರು ಪ್ರಶ್ನೆ ಕೇಳಿಸಲಿ: ಸ್ಟಾಪ್‌ಲಾಗ್ ತಂದಿಟ್ಟಿದ್ದೀರಾ? ಮಳೆಗಾಲದ ಮುಂಚಿನ ತಪಾಸಣೆಯಲ್ಲಿ ಏನು ಬರೆದಿದ್ದಾರೆ? ಈ ವರ್ಷ ನಿರ್ವಹಣೆಗೆ ಎಷ್ಟು ಇಟ್ಟಿದ್ದೀರಿ, ಎಷ್ಟು ಖರ್ಚಾಗಿದೆ? ಉತ್ತರ ಏನೇ ಬರಲಿ, ನಮಗೆ ಬರೆದು ಕಳಿಸಿ. ಅದನ್ನು ಇದೇ ಪುಟದಲ್ಲಿ ಹಾಕುತ್ತೇವೆ.