ತಪಸ್ಸು ಕಾಲದಲ್ಲಿ ಜಪಸರ ಹಿಡಿದ್ರೆ ನಿದ್ದೆ ಬರುತ್ತೆ

ಪ್ರಶ್ನೆ: ಅಕ್ಕಾ ನಮಸ್ಕಾರ, ನಾನು ಹಾಸನದ ಕಡೆಯವಳು, ಹನ್ನೊಂದು ವರ್ಷದಿಂದ ಡೊಂಬಿವ್ಲಿಯಲ್ಲಿದೀನಿ, ದಾದರಲ್ಲಿ ನರ್ಸ್ ಕೆಲಸ. ಪ್ರತಿ ವರ್ಷ ತಪಸ್ಸು ಕಾಲ, ಅಂದ್ರೆ ಈಸ್ಟರಿಗೆ ಮುಂಚಿನ 40 ದಿನ, ಬಂತಂದ್ರೆ ಮಾಂಸ ಬಿಡ್ತೀನಿ, ಶುಕ್ರವಾರ ಶಿಲುಬೆ ಹಾದಿ ಪ್ರಾರ್ಥನೆ ತಪ್ಪಿಸಲ್ಲ. ಈ ಸಲ ಮೊದಲ ದಿನ, ಬೂದಿ ಬುಧವಾರ, ಹಣೆಗೆ ಬೂದಿ ಹಚ್ಚಿಸ್ಕೊಂಡು ಲೋಕಲ್ ಹತ್ತಿದೋಳು ಮನೆ ಮುಟ್ಟೋವರೆಗೂ ಅಳ್ತಾನೇ ಇದ್ದೆ, ಯಾಕೋ ಗೊತ್ತಿಲ್ಲ. ಜಪಸರ ಹಿಡಿದು ಮರಿಯಮ್ಮನ ಪ್ರಾರ್ಥನೆ ಶುರು ಮಾಡಿದ್ರೆ, ಐದು ರಹಸ್ಯ ಅಂದ್ರೆ ಐದು ಭಾಗದಲ್ಲಿ ಎರಡನೇದಕ್ಕೇ ನಿದ್ದೆ. ಭಕ್ತಿ ಹೋಗೇಬಿಡ್ತಾ? ಇನ್ನೂ ಗಟ್ಟಿ ಉಪವಾಸ ಮಾಡ್ಲಾ?

ಉತ್ತರ: ಬೇಡ ತಂಗೀ, ಮೊದ್ಲು ನಿದ್ದೆ ಮಾಡು. ಸಮಾಧಾನಕ್ಕೆ ಹೇಳ್ತಿಲ್ಲ, ಬೈಬಲ್ಲಲ್ಲಿ ಒಂದನೇ ಅರಸುಗಳು 19ನೇ ಅಧ್ಯಾಯ ತೆಗೆದು ನೋಡು. ಎಲೀಯ ಪ್ರವಾದಿ ಈಜೆಬೆಲ್ ರಾಣಿಗೆ ಹೆದರಿ ಓಡಿ ಓಡಿ ಅಡವೀಲಿ ಒಂದು ಗಿಡದ ಕೆಳಗೆ ಕೂತು ಸಾಕಪ್ಪಾ ದೇವರೇ ನನ್ನ ಪ್ರಾಣ ತಗೋ ಅಂತ ಹೇಳಿ ಅಲ್ಲೇ ಮಲಗಿಬಿಡ್ತಾನೆ. ದೇವದೂತ ಬಂದು ಬೈಯಲ್ಲ, ಪ್ರಾರ್ಥನೆ ಮಾಡು ಅಂತಾನೂ ಹೇಳಲ್ಲ, ಮೈ ತಟ್ಟಿ ಎಬ್ಬಿಸಿ ಏಳು ತಿನ್ನು ಅಂತಾನೆ. ತಲೆ ಹತ್ರ ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು. ತಿಂದು ಮತ್ತೆ ಮಲಗ್ತಾನೆ! ಎರಡನೇ ಸಲ ಎಬ್ಬಿಸಿ ತಿನ್ನಿಸಿದ ಮೇಲೇನೇ ಅವನು 40 ದಿನ ನಡೆದು ಹೋರೇಬ್ ಬೆಟ್ಟ ಮುಟ್ಟಿದ್ದು. ನೀನು ಬರೀ 40 ದಿನ ಹಿಡ್ಕೊಂಡಿದೀಯ, ಆ ರೊಟ್ಟಿ ಬಿಟ್ಟಿದೀಯ.

ಉಪವಾಸ ಕಡ್ಡಾಯ ಇರೋದು ಬೂದಿ ಬುಧವಾರ ಮತ್ತು ಶುಭ ಶುಕ್ರವಾರ ಎರಡೇ ದಿನ, ಅದೂ 18ರಿಂದ 59 ವಯಸ್ಸಿನವರಿಗೆ, ಆವತ್ತೂ ಒಂದು ಹೊತ್ತು ಹೊಟ್ಟೆತುಂಬ ಉಣ್ಣಬಹುದು. ಶುಕ್ರವಾರ ಮಾಂಸ ಇಲ್ಲ, ಅಷ್ಟೇ. ಬೂದಿ ಬುಧವಾರದಿಂದ ಈಸ್ಟರ್ ಹಿಂದಿನ ದಿನದವರೆಗೆ ಎಣಿಸಿದ್ರೆ 46 ದಿನ ಆಗುತ್ತೆ, ಆರು ಭಾನುವಾರ ಕಳೆದು 40 ಅಂತಾರೆ, ಯಾಕಂದ್ರೆ ಭಾನುವಾರ ಪುನರುತ್ಥಾನದ ದಿನ. ಆವತ್ತು ಚರ್ಚಿನ ಪೂಜೆಗೆ ಹೋಗಿ ಬಾ, ಉಂಡು ಮಲಗು, ಪಾತ್ರೆ ಸಂಜೆಗಿರಲಿ.

ಇನ್ನೊಂದು ಕೇಳ್ತೀನಿ, ಪ್ರಾರ್ಥನೆ ಯಾವ ಭಾಷೇಲಿ ಮಾಡ್ತೀಯ? ನಿಮ್ಮ ಚರ್ಚಲ್ಲಿ ಇಂಗ್ಲಿಷೋ ಮರಾಠಿಯೋ ಇರಬೇಕು. ನಾನು ಮುಂಬೈಗೆ ಬಂದ ಹೊಸದ್ರಲ್ಲಿ ಬಾಯಿ ಎಲ್ಲಾ ಹೇಳ್ತಿತ್ತು ಎದೆಗೆ ಇಳೀತಿರಲಿಲ್ಲ, ಒಂದಿನ ರಾತ್ರಿ ನಮ್ಮಮ್ಮ ಹೇಳ್ತಿದ್ದ ಹಾಗೇ "ನಮೋ ಮರಿಯಾ" ಅಂತ ಶುರು ಮಾಡಿದೆ ನೋಡು, ಗಂಟಲು ಕಟ್ಟಿಬಿಡ್ತು. ಐದು ರಹಸ್ಯ ಬೇಡ, ಒಂದೇ ಹೇಳು, ಕನ್ನಡದಲ್ಲಿ ಹೇಳು, ನಿದ್ದೆ ಬಂದ್ರೆ ಬರಲಿ, ತಾಯಿ ಮಡಿಲಲ್ಲಿ ಮಗು ಮಲಗಿದ್ರೆ ಯಾವ ತಾಯಿ ಕೋಪ ಮಾಡ್ಕೋತಾಳೆ.

ಡ್ಯೂಟಿ ಬೇಗ ಮುಗಿದ ದಿನ ಮಾಹಿಮಿನ ಸೇಂಟ್ ಮೈಕಲ್ ಚರ್ಚಿಗೆ ಹೋಗಿ ಸುಮ್ಮನೆ ಕೂತು ಬಾ, ಬುಧವಾರ ಮಾತ್ರ ಬೇಡ, ಆವತ್ತಿನ ನೊವೆನಾ ಪ್ರಾರ್ಥನೆಗೆ ಕಾಲಿಡೋಕೆ ಜಾಗ ಇರಲ್ಲ. ಈ ಅಳು ಎರಡು ವಾರ ಆದ್ರೂ ನಿಲ್ಲದಿದ್ರೆ ಡಾಕ್ಟರಿಗೂ ತೋರಿಸು, ಅದರಲ್ಲಿ ಭಕ್ತಿಗೇನೂ ಕಮ್ಮಿ ಇಲ್ಲ. ಮತ್ತೆ ಈಸ್ಟರ್ ಹಿಂದಿನ ಪವಿತ್ರ ವಾರಕ್ಕೆ ರಜೆ ಈಗ್ಲೇ ಬರೆದು ಕೊಟ್ಟುಬಿಡು ಮಾರಾಯ್ತಿ, ಆಮೇಲೆ ಕೇಳಿದ್ರೆ ಸಿಗಲ್ಲ.