ಕನ್ನಡ ಓದೋಕೆ ಇ-ರೀಡರ್ ತಗೋಬಹುದಾ? ಯಾವುದು?

ವಿಜಯಪುರದಿಂದ ಬಾಗಲಕೋಟೆಗೆ ದಿನಾ ಬಸ್ಸಲ್ಲಿ ಹೋಗುವಾಗ ಕನ್ನಡ ಓದಲು ಇ-ರೀಡರ್ (ಪುಸ್ತಕ ಓದುವುದಕ್ಕೆಂದೇ ಇರುವ ಸಾಧನ) ಬೇಕಾ ಎಂದು ಕೇಳಿದ್ದೀರಿ. ದಿನಾ ಓದುವವರಾದರೆ ಖಂಡಿತ ತಗೊಳ್ಳಿ. ಇ-ಇಂಕ್ ಪರದೆ ಕಾಗದದ ಹಾಗೆ ಹೊರಗಿನ ಬೆಳಕಲ್ಲೇ ಕಾಣುತ್ತದೆ. ನಮ್ಮ ಏಪ್ರಿಲ್ ಬಿಸಿಲಲ್ಲಿ ಮೊಬೈಲ್ ಮಂಕಾದರೂ ಇದು ಸ್ಪಷ್ಟವಾಗಿರುತ್ತದೆ. ಚಾರ್ಜ್ ವಾರಗಟ್ಟಲೆ ಬರುತ್ತದೆ.

ಕಾದಂಬರಿಗೆ 6 ಇಂಚು ಸಾಕು. ಆದರೆ ಅಮೆಜಾನ್‌ನ ಇ-ರೀಡರ್ ಕಿಂಡಲ್ 2016ರಲ್ಲಿ ಭಾರತೀಯ ಭಾಷೆಗಳ ಪುಸ್ತಕ ತಂದಾಗ ಮರಾಠಿ ಇತ್ತು, ಕನ್ನಡ ಇರಲಿಲ್ಲ. ಬೇಸರದ ಸಂಗತಿ. ಹಾಗಾಗಿ ಆಂಡ್ರಾಯ್ಡ್ ಇರುವ ಬೂಕ್ಸ್ (Boox) ಕಂಪನಿಯ ಇ-ರೀಡರ್ ತರಹದ್ದು ನೋಡಿ, ಕನ್ನಡ ಪುಸ್ತಕದ ಆ್ಯಪ್ ಹಾಕಿಕೊಳ್ಳಬಹುದು.

ಹಳೆ ಪುಸ್ತಕಗಳ ಸ್ಕ್ಯಾನ್ ಪಿಡಿಎಫ್ ಜಾಸ್ತಿ ಓದ್ತೀರಾ? ಅವುಗಳಲ್ಲಿ ಪುಟವೇ ಒಂದು ಚಿತ್ರ. ಹಿಗ್ಗಿಸಿದರೆ ಸಾಲು ಪರದೆಯಾಚೆ ಹೋಗುತ್ತದೆ, ಪ್ರತಿ ಸಾಲಿಗೂ ಎಳೆದಾಡಬೇಕು. ಅದಕ್ಕೆ 10 ಇಂಚಿನದೇ ಸರಿ, ಬೆಲೆ ಜಾಸ್ತಿಯಾದರೂ.